"ಕೈಯಲ್ಲಿ ಮಾಡಿದ್ರೆ ಓಡುತ್ತೆ ಸಾರ್!"

ಹೋದ ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಮಾಸ್ತಿಕಟ್ಟೆ. ಹುಲಿಕಲ್ ಘಾಟಿ ಹತ್ತಿ ಬಂದವರಿಗೆ ಇಲ್ಲಿನ ಮಳೆ ಅಂದ್ರೆ ಏನು ಅಂತ ಬೇರೆ ಹೇಳಬೇಕಿಲ್ಲ. ಊಟ ಮುಗಿಸಿ ಕಂಬಳಿ ಹೊದ್ದು ಮಲಗೋ ಹೊತ್ತಿಗೆ ಬೆಂಗಳೂರಿಂದ ಆಫೀಸಿನ ಫೋನು. ನಮ್ಮನೇಲಿ ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ಲು. ಅಲ್ಲೇ ನಿಂತು ಕೇಳಿಸಿಕೊಂಡೆ.

ವಿಷಯ ಇಷ್ಟು. ಹೊಸದಾಗಿ ಸೇರಿದ ಹುಡುಗನೊಬ್ಬ ಜೆಂಕಿನ್ಸ್ ಮೂಲಕ ನಮ್ಮ ಸರ್ವೀಸಿನ ಹೊಸ ಆವೃತ್ತಿ ಹಾಕಿದ್ದ. ಸರ್ವೀಸ್ ಶುರುವಾಯ್ತು, ಪೋರ್ಟ್ ತೆರೀತು, ಜಾಬ್ ಯಶಸ್ವಿ ಅಂತಲೂ ಬಂತು. ಮರುಕ್ಷಣ ಸರ್ವೀಸ್ ನಾಪತ್ತೆ! ಮೂರು ಸಲ ಮಾಡಿದ್ರೂ ಅದೇ ಕತೆ. ಕೊನೆಗೆ ಹಿರಿಯರೊಬ್ಬರು ಸರ್ವರಿಗೆ ಲಾಗಿನ್ ಆಗಿ ಅದೇ ಸ್ಕ್ರಿಪ್ಟನ್ನ ಕೈಯಾರೆ ಓಡಿಸಿದ್ರು. ಸುಸೂತ್ರವಾಗಿ ಓಡ್ತು. "ನಾನು ಮಾಡಿದ್ರೆ ಓಡುತ್ತೆ, ನೀನು ಮಾಡಿದ್ರೆ ನಿಲ್ಲುತ್ತೆ. ನೀನೇ ಏನೋ ಕೆಡಿಸಿದ್ದೀಯ" ಅಂದ್ರಂತೆ. ಹುಡುಗನ ದನಿ ಅಳೋ ಹಾಗಾಗಿತ್ತು.

ಲಾಗಿನ ಕೊನೇ ಸಾಲುಗಳನ್ನ ಓದು ಅಂದೆ. ಒಂದೂ ಎರರ್ ಇಲ್ಲ. ಡೇಟಾಬೇಸ್ ಕನೆಕ್ಷನ್ ಮುಚ್ಚಿ, ಒಂದೊಂದಾಗಿ ಬಾಗಿಲು ಹಾಕಿಕೊಂಡು ಹೋಗಿದೆ. ಮೆಮೊರಿ ಸಾಲದೆ ಕರ್ನಲ್ ಕೊಂದಿದ್ರೆ ಹೀಗೆ ವಿದಾಯ ಹೇಳೋಕೆ ಪುರುಸೊತ್ತು ಇರ್ತಿರಲಿಲ್ಲ. ಅಂದ್ರೆ ಇದು ಬಿದ್ದಿದ್ದಲ್ಲ, ಯಾರೋ "ನಿಲ್ಲು" ಅಂದಿದ್ದಾರೆ. ಅಂದಿದ್ದು ಯಾರು? ಜೆಂಕಿನ್ಸೇ! ಜಾಬ್ ಮುಗಿದ ಮೇಲೆ ಅದು ತಾನು ಹುಟ್ಟಿಸಿದ ಪ್ರೋಸೆಸ್ಸುಗಳಲ್ಲಿ ಉಳಿದವನ್ನೆಲ್ಲ ಹುಡುಕಿ ಕೊಲ್ಲುತ್ತೆ. ಪರಿಸರದ ವೇರಿಯಬಲ್ಲಿನಲ್ಲಿ ಇಟ್ಟ ಗುರುತು ನೋಡಿ ಹಿಡಿಯುತ್ತೆ, ಅದಕ್ಕೇ ನೋಹಪ್ ಹಾಕಿದ್ರೂ ತಪ್ಪಿಸಿಕೊಳ್ಳೋಕಾಗಲ್ಲ. ಕೆಟ್ಟ ಗುಣ ಅಲ್ಲ, ಕಸ ಗುಡಿಸೋ ಅಭ್ಯಾಸ. ಹುಡುಗ ಏನನ್ನೂ ಕೆಡಿಸಿರಲಿಲ್ಲ.

ಆ ಗುರುತಿನ ಜಾಗದಲ್ಲಿ "ಡೋಂಟ್‌ಕಿಲ್‌ಮಿ" ಅಂತ ಬರೆದ್ರೆ ಜೆಂಕಿನ್ಸ್ ಬಿಟ್ಟುಬಿಡುತ್ತೆ. ಆ ರಾತ್ರಿ ನಾವೂ ಹಾಗೇ ಮಾಡಿ ಮಲಗಿದ್ವಿ. ಆದ್ರೆ ಅದು ಪರಿಹಾರ ಅಲ್ಲ ಅನ್ನೋದು ನನ್ನ ವಾದ.

ನಮ್ಮ ತೋಟದ ಪಂಪಿನ ಹಳೇ ಸ್ಟಾರ್ಟರ್ ನೆನಪಾಗುತ್ತೆ. ಹಸಿರು ಬಟನ್ ಒತ್ತಿ ಹಿಡಿದಿರೋವರೆಗೂ ಮೋಟಾರು ಓಡೋದು, ಬಿಟ್ರೆ ನಿಲ್ಲೋದು. ಬಟನ್ ಬಿಟ್ಟ ಮೇಲೂ ಕಾಯಿಲ್ಲಿಗೆ ಕರೆಂಟು ಕೊಡ್ತಾ ಇರಬೇಕಾದ ಒಳಗಿನ ಕಾಂಟ್ಯಾಕ್ಟ್ ಕಪ್ಪಗಾಗಿತ್ತು. ಅಪ್ಪ ಬಟನ್ನಿಗೆ ಕಡ್ಡಿ ಸಿಕ್ಕಿಸಿ ನೀರು ಬಿಟ್ಟಿದ್ದೂ ಇದೆ. ನೀರೇನೋ ಬಂತು. ಅದನ್ನ ರಿಪೇರಿ ಅಂತೀರಾ?

"ಡೋಂಟ್‌ಕಿಲ್‌ಮಿ" ಕೂಡ ಅಂಥದೇ ಕಡ್ಡಿ. ನಾಳೆ ಸರ್ವರ್ ರೀಬೂಟ್ ಆದ್ರೆ ಸರ್ವೀಸ್ ಎಬ್ಬಿಸೋರು ಯಾರು? ಸರ್ವೀಸ್ ಅನ್ನೋದು ಅದನ್ನ ಶುರು ಮಾಡಿದವರ ಸ್ವತ್ತಾಗಬಾರದು, ಯಂತ್ರದ್ದಾಗಬೇಕು. ಸಿಸ್ಟಮ್‌ಡಿಗೆ ಒಂದು ಪುಟ್ಟ ಯುನಿಟ್ ಫೈಲ್ ಬರೆದುಕೊಡಿ. ಜೆಂಕಿನ್ಸೋ ಆನ್ಸಿಬಲ್ಲೋ "ರೀಸ್ಟಾರ್ಟ್ ಮಾಡು" ಅಂತ ಹೇಳಿ ಹೊರಟುಹೋಗಲಿ. ಹುಟ್ಟಿಸೋದು ಸಿಸ್ಟಮ್‌ಡಿ, ಹಾಗಾಗಿ ಜೆಂಕಿನ್ಸಿನ ಗುರುತು ಅದಕ್ಕೆ ಅಂಟೋದೇ ಇಲ್ಲ.

ಅಲ್ಲೂ ಎರಡು ಗುಂಡಿಗಳಿವೆ. ನಿಮ್ಮ ಸ್ಕ್ರಿಪ್ಟು ಸರ್ವೀಸನ್ನ ಹಿನ್ನೆಲೆಗೆ ತಳ್ಳಿ ತಾನು ಮುಗಿದುಹೋಗೋ ಥರದ್ದಾಗಿದ್ದು, ಟೈಪ್ ಸಿಂಪಲ್ ಅಂತಿದ್ರೆ, ಸಿಸ್ಟಮ್‌ಡಿ ಕೆಲಸ ಮುಗೀತು ಅಂದುಕೊಂಡು ಉಳಿದಿದ್ದನ್ನೂ ಗುಡಿಸಿಬಿಡುತ್ತೆ. ಹಿನ್ನೆಲೆಗೆ ತಳ್ಳದೇ ಓಡಿಸಿ, ಇಲ್ಲಾ ಟೈಪ್ ಫೋರ್ಕಿಂಗ್ ಅಂತ ಬರೀರಿ. ಎರಡನೇದು, ನಿಮ್ಮ ಬ್ಯಾಶ್‌ಆರ್‌ಸಿಯನ್ನ ಅದು ಓದಲ್ಲ. ಪಾತ್, ಜಾವಾ ಹೋಮ್ ಎಲ್ಲ ಯುನಿಟ್ ಫೈಲಿನಲ್ಲೇ ಹೇಳಿ.

"ಕೈಯಲ್ಲಿ ಮಾಡಿದ್ರೆ ಓಡುತ್ತೆ" ಅನ್ನೋದು ಸಾಮರ್ಥ್ಯದ ಮಾತಲ್ಲ. ನಮ್ಮ ಲಾಗಿನ್ನಿನಲ್ಲಿ ನಮಗೇ ಗೊತ್ತಿಲ್ಲದ ಏನೋ ಅದನ್ನ ಎತ್ತಿ ಹಿಡಿದಿದೆ ಅಂತ ಅರ್ಥ. ಅದನ್ನ ಹುಡುಕೋದು ಬಿಟ್ಟು ಕಿರಿಯರನ್ನ ಬೈಯೋದು ಸುಲಭ.

ಯುನಿಟ್ ಫೈಲನ್ನ ಮಾರನೇ ವಾರ ಬರೆದವನು ಅದೇ ಹುಡುಗ. ಈಗ ರೀಬೂಟ್ ಆದ್ರೂ ಸರ್ವೀಸ್ ತಾನೇ ಏಳುತ್ತೆ. "ನೀನೇ ಕೆಡಿಸಿದ್ದೀಯ" ಅಂದ ಮಾತನ್ನ ಮಾತ್ರ ಇವತ್ತಿಗೂ ಯಾರೂ ವಾಪಸ್ ತಗೊಂಡಿಲ್ಲ.

ನಿಮ್ಮಲ್ಲೂ ಹೀಗೆ ಕಡ್ಡಿ ಸಿಕ್ಕಿಸಿದ ಬಟನ್‌ಗಳಿವೆಯಾ? ಬರೀರಿ, ಓದೋಕೆ ಕಾಯ್ತಿರ್ತೀನಿ :-)