ಕಟ್ಟಡದ ವರದಿ ಯಾರಿಗಾಗಿ? ಹಣ ಕೊಡುವವರಿಗೋ, ಛಾವಣಿಯಡಿ ಮಲಗುವವರಿಗೋ?

ಮಳೆಗಾಲ ಹತ್ತಿರ ಬರುತ್ತಿದ್ದಂತೆ ಮುಂಬಯಿ ಮಹಾನಗರದ ಹಳೆಯ ಕಟ್ಟಡಗಳ ಸೊಸೈಟಿ ಕಚೇರಿಗಳಲ್ಲಿ ಒಂದು ಶಬ್ದ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ‘ಸ್ಟ್ರಕ್ಚರಲ್ ಆಡಿಟ್’. ಪಾಲಿಕೆಯ ನೋಟಿಸು ಬಂದಾಗ ಇಂಜಿನಿಯರರೊಬ್ಬರನ್ನು ಕರೆಸುವುದು, ವರದಿ ಪಡೆಯುವುದು, ಅದನ್ನು ವಾರ್ಡ್ ಕಚೇರಿಗೆ ಒಪ್ಪಿಸಿ ಮೊಹರು ಹಾಕಿಸಿ ಫೈಲಿನಲ್ಲಿಡುವುದು. ಇಷ್ಟಾದರೆ ಕೆಲಸ ಮುಗಿಯಿತೆಂದು ಭಾವಿಸುವ ಪದಾಧಿಕಾರಿಗಳೇ ಹೆಚ್ಚು. ಆದರೆ ಆ ವರದಿಯಲ್ಲಿರುವ ಒಂದು ಅಕ್ಷರ ಮತ್ತು ಒಂದು ಅಂಕಿಯ ಮೇಲೆ ಹತ್ತಾರು ಕುಟುಂಬಗಳ ಪ್ರಾಣ ನಿಂತಿದೆ ಎಂಬುದನ್ನು ನೆನಪಿಡುವವರು ಕಡಿಮೆ.

ಕಾನೂನು ಸ್ಪಷ್ಟವಾಗಿಯೇ ಇದೆ. ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 353ಬಿ ಕಲಮಿನ ಪ್ರಕಾರ 30 ವರ್ಷ ದಾಟಿದ ಕಟ್ಟಡವನ್ನು ಅದರ ಮಾಲೀಕರು ಅಥವಾ ನಿವಾಸಿಗಳು ಪಾಲಿಕೆಯಲ್ಲಿ ನೋಂದಾಯಿತರಾದ ಸ್ಟ್ರಕ್ಚರಲ್ ಇಂಜಿನಿಯರರಿಂದ ತಪಾಸಣೆ ಮಾಡಿಸಬೇಕು. ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮಗಳು ಇನ್ನೂ ಬಿಗಿಯಾಗಿವೆ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ವರ್ಷ ಮೀರಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ತಪಾಸಣೆಯಾದ ಕಟ್ಟಡ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ. ಸಿ-1 ಎಂದರೆ ವಾಸಕ್ಕೆ ಅಯೋಗ್ಯ, ತಕ್ಷಣ ತೆರವುಗೊಳಿಸಿ ಕೆಡವಬೇಕಾದದ್ದು. ಸಿ-2ಎ ಎಂದರೆ ಜನರನ್ನು ತೆರವುಗೊಳಿಸಿ ದೊಡ್ಡ ದುರಸ್ತಿ ಮಾಡಬೇಕಾದದ್ದು. ಸಿ-2ಬಿ ಎಂದರೆ ಜನರು ವಾಸವಿರುವಾಗಲೇ ದುರಸ್ತಿ ಮಾಡಬಹುದಾದದ್ದು. ಸಿ-3 ಎಂದರೆ ಸಣ್ಣಪುಟ್ಟ ರಿಪೇರಿ ಸಾಕು.

ಈ ವರ್ಗಗಳ ನಡುವಿನ ಅಂತರ ಕಾಗದದಲ್ಲಿ ಚಿಕ್ಕದು. ನೆಲದ ಮೇಲೆ ಅದೆಷ್ಟು ದೊಡ್ಡದು ಎಂಬುದನ್ನು ಕುರ್ಲಾದ ನಾಯಕ್ ನಗರ ತೋರಿಸಿಕೊಟ್ಟಿತು. 2022ರ ಜೂನ್ 27ರ ರಾತ್ರಿ ಅಲ್ಲಿನ ನಾಲ್ಕು ಮಾಳಿಗೆಯ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. ಪಾಲಿಕೆ ಆಗ ನೀಡಿದ ವಿವರಣೆಯಂತೆ ಆ ಕಟ್ಟಡ ಹಿಂದೆ ಅಪಾಯಕಾರಿ ವರ್ಗದಲ್ಲಿತ್ತು. ಬಳಿಕ ಖಾಸಗಿ ತಪಾಸಣೆಯೊಂದರ ಆಧಾರದ ಮೇಲೆ ಅದು ದುರಸ್ತಿಯೋಗ್ಯ ವರ್ಗಕ್ಕೆ ಇಳಿಯಿತು. ಜನರು ಅಲ್ಲಿಯೇ ಉಳಿದರು.

ಅದಕ್ಕೂ ಮೊದಲು, 2019ರ ಮಾರ್ಚ್ 14ರ ಸಂಜೆ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿಯ ‘ಹಿಮಾಲಯ’ ಪಾದಚಾರಿ ಸೇತುವೆ ಕುಸಿದು ಏಳು ಮಂದಿ ಪ್ರಾಣ ಕಳೆದುಕೊಂಡರು. ಆ ಸೇತುವೆಯ ತಪಾಸಣೆ ಆಗಲೇ ನಡೆದಿತ್ತು. ಸಣ್ಣ ದುರಸ್ತಿ ಸಾಕು, ಬಳಕೆಗೆ ಯೋಗ್ಯ ಎಂಬ ವರದಿಯೂ ಕೈಯಲ್ಲಿತ್ತು. ದುರಂತದ ನಂತರ ತಪಾಸಣೆ ಮಾಡಿದವರೂ ಪಾಲಿಕೆಯ ಕೆಲವು ಇಂಜಿನಿಯರರೂ ಬಂಧನಕ್ಕೊಳಗಾದರು. ಹೊಣೆ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ‘ಯೋಗ್ಯ’ ಎಂದು ಬರೆದ ಕಾಗದ ಸೇತುವೆಯನ್ನು ಹೊತ್ತು ನಿಲ್ಲಲಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಪಾಸಣೆ ಮಾಡುವ ಇಂಜಿನಿಯರರಿಗೆ ಇಂದು ಎರಡು ದಿಕ್ಕಿನಿಂದ ಒತ್ತಡ ಬರುತ್ತದೆ. ಮೊದಲನೆಯದು ನಿವಾಸಿಗಳದು. ಸಿ-1 ಎಂದು ಬರೆದರೆ ನಾಳೆಯೇ ಮನೆ ಖಾಲಿ ಮಾಡಬೇಕು. ಮುಂಬಯಿಯಲ್ಲಿ ಬಾಡಿಗೆಗೆ ಎಲ್ಲಿ ಹೋಗುವುದು? ಮಕ್ಕಳ ಶಾಲೆ, ವೃದ್ಧ ತಂದೆ ತಾಯಿ, ಕೆಳಗಿನ ಅಂಗಡಿಯ ವ್ಯಾಪಾರ ಏನಾಗಬೇಕು? ಒಮ್ಮೆ ಹೊರ ಹೋದರೆ ಮತ್ತೆ ಒಳ ಬರಲು ಬಿಟ್ಟಾರೆಯೇ? ಈ ಭಯ ಸುಳ್ಳಲ್ಲ. ಆದ್ದರಿಂದಲೇ ‘ಸ್ವಲ್ಪ ಹಗುರವಾಗಿ ಬರೆಯಿರಿ ಸಾಹೇಬರೇ’ ಎಂಬ ವಿನಂತಿ ಸೊಸೈಟಿ ಕಚೇರಿಯಿಂದಲೇ ಹೊರಡುತ್ತದೆ.

ಎರಡನೆಯ ಒತ್ತಡ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಜಾಗದ ಬೆಲೆ ಏರಿದಾಗ ಗಟ್ಟಿಯಾಗಿರುವ ಕಟ್ಟಡವೂ ಕೆಲವರ ಕಣ್ಣಿಗೆ ಶಿಥಿಲವಾಗಿ ಕಾಣುತ್ತದೆ. ಪಗಡಿ ಬಾಡಿಗೆದಾರರನ್ನು ಬೇಗ ಎಬ್ಬಿಸಬೇಕೆನ್ನುವ ಮಾಲೀಕರಿಗೂ, ಪುನರ್ನಿರ್ಮಾಣಕ್ಕೆ ಅವಸರಪಡುವ ಬಿಲ್ಡರಿಗೂ ಸಿ-1 ವರದಿ ಅನುಕೂಲಕರ. ಹೀಗೆ ಒಂದೇ ಕಟ್ಟಡಕ್ಕೆ ಮಾಲೀಕರ ಇಂಜಿನಿಯರರಿಂದ ‘ಕೆಡವಿ’ ಎಂಬ ವರದಿ, ಬಾಡಿಗೆದಾರರ ಇಂಜಿನಿಯರರಿಂದ ‘ದುರಸ್ತಿ ಮಾಡಿ’ ಎಂಬ ವರದಿ ಬರುವುದು ಸಾಮಾನ್ಯವಾಗಿದೆ. ಇಂಥ ತಕರಾರು ಬಗೆಹರಿಸಲು ಪಾಲಿಕೆ ತಾಂತ್ರಿಕ ಸಲಹಾ ಸಮಿತಿಯನ್ನೇ ಇಟ್ಟುಕೊಳ್ಳಬೇಕಾಗಿ ಬಂದಿದೆ. ಕಂಬ ಒಂದೇ, ಸ್ಲ್ಯಾಬ್ ಒಂದೇ, ಪರೀಕ್ಷೆಯ ವಿಧಾನವೂ ಒಂದೇ. ಆದರೂ ಹಣ ಕೊಟ್ಟವರು ಬದಲಾದಂತೆ ವರದಿ ಬದಲಾಗುವುದಾದರೆ ಅದನ್ನು ತಾಂತ್ರಿಕ ಅಭಿಪ್ರಾಯಭೇದ ಎಂದು ಕರೆಯುವುದು ಕಷ್ಟ.

ಶುಲ್ಕ ಕೊಡುವುದು ಸೊಸೈಟಿ ಅಥವಾ ಮಾಲೀಕರೇ ಆದರೂ ತಪಾಸಕರ ನಿಜವಾದ ಋಣ ಇರುವುದು ಆ ಛಾವಣಿಯ ಅಡಿಯಲ್ಲಿ ರಾತ್ರಿ ಮಲಗುವವರಿಗೆ ಎಂಬುದು ಈ ವೃತ್ತಿಯ ಧರ್ಮ. ಮೂರನೆಯ ಮಾಳಿಗೆಯ ಮಗುವಿಗೂ, ನೆಲಮಾಳಿಗೆಯ ಹೋಟೆಲಿನಲ್ಲಿ ದುಡಿದು ಅಲ್ಲಿಯೇ ಒರಗುವ ಹುಡುಗನಿಗೂ ಆ ವರದಿಯನ್ನು ಓದಲು ಬರುವುದಿಲ್ಲ. ಅವರ ಪರವಾಗಿ ಅದನ್ನು ಬರೆಯಬೇಕಾದವರು ತಪಾಸಕರು.

ಹಾಗಾದರೆ ತಪಾಸಕರಿಂದ ಏನನ್ನು ನಿರೀಕ್ಷಿಸಬೇಕು? ಮೊದಲನೆಯದಾಗಿ, ಸಹಿ ಹಾಕುವ ಇಂಜಿನಿಯರ್ ಸ್ವತಃ ಕಟ್ಟಡವನ್ನು ನೋಡಿರಬೇಕು. ಸಹಾಯಕರು ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಸಹಿ ಹಾಕುವುದು ತಪಾಸಣೆಯಲ್ಲ. ಎರಡನೆಯದಾಗಿ, ಕಣ್ಣಳತೆಯನ್ನಷ್ಟೇ ನಂಬಬಾರದು. ಮುಂಬಯಿಯ ಉಪ್ಪುಗಾಳಿ ಮತ್ತು ತೇವದಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಹೊರಗೆ ಕಾಣದೆಯೇ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಮೇಲೆ ಹೊಸ ಪ್ಲಾಸ್ಟರ್, ಬಣ್ಣ ಬಳಿದರೆ ಏನೂ ತಿಳಿಯದು. ಅದಕ್ಕೇ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್, ಹಾಫ್ ಸೆಲ್, ಕಾರ್ಬೊನೇಷನ್, ಕೋರ್ ಮೊದಲಾದ ಪರೀಕ್ಷೆಗಳಿವೆ. ಯಾವ ಕಂಬದಲ್ಲಿ, ಯಾವ ತೊಲೆಯಲ್ಲಿ ಪರೀಕ್ಷೆ ನಡೆಯಿತೆಂದು ವರದಿಯಲ್ಲಿ ನಕ್ಷೆಯ ಸಮೇತ ಇರಬೇಕು.

ಮೂರನೆಯದಾಗಿ, ನೋಡದಿರುವುದನ್ನೂ ಬರೆಯಬೇಕು. ಬೀಗ ಹಾಕಿದ ಫ್ಲ್ಯಾಟ್, ಫಾಲ್ಸ್ ಸೀಲಿಂಗಿನ ಮರೆಯ ತೊಲೆ, ಪ್ರವೇಶ ಸಿಗದ ಗೋದಾಮು ಇವನ್ನೆಲ್ಲ ‘ತಪಾಸಣೆ ಸಾಧ್ಯವಾಗಲಿಲ್ಲ’ ಎಂದು ದಾಖಲಿಸುವ ಪ್ರಾಮಾಣಿಕತೆ ಬೇಕು. ನಾಲ್ಕನೆಯದಾಗಿ, ರಿಪೇರಿ ಕಂತ್ರಾಟುದಾರರನ್ನು ತಾವೇ ತಂದು ಅವರಿಂದ ಕಮಿಷನ್ ಪಡೆಯಬಾರದು. ರೋಗ ಹೇಳುವವರಿಗೆ ಔಷಧದ ಅಂಗಡಿಯಲ್ಲಿ ಪಾಲಿದ್ದರೆ ಆ ರೋಗನಿರ್ಣಯದ ಮೇಲೆ ಯಾರಿಗೂ ವಿಶ್ವಾಸ ಉಳಿಯದು. ಕೊನೆಯದಾಗಿ, ತಕ್ಷಣದ ಅಪಾಯ ಕಂಡರೆ ಶುಲ್ಕದ ಬಾಕಿಗಾಗಿ ಕಾಯದೆ ಅಂದೇ ನಿವಾಸಿಗಳಿಗೂ ಪಾಲಿಕೆಗೂ ತಿಳಿಸಬೇಕು.

ಇವನ್ನೆಲ್ಲ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಸಹಜ. ವೈದ್ಯರಿಗೆ, ವಕೀಲರಿಗೆ, 1972ರ ಕಾಯ್ದೆಯನ್ವಯ ವಾಸ್ತುಶಿಲ್ಪಿಗಳಿಗೆ ದೇಶಮಟ್ಟದ ಶಾಸನಬದ್ಧ ಸಂಸ್ಥೆಗಳಿವೆ. ಇಂಜಿನಿಯರರಿಗೆ ಅಂಥ ಕಾಯ್ದೆಯಿಲ್ಲ. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನಂಥ ಸಂಸ್ಥೆಗಳ ನೀತಿಸಂಹಿತೆ ಅದರ ಸದಸ್ಯರಿಗೆ ಸೀಮಿತ. ಹೀಗಿರುವಾಗ ದುರಂತ ನಡೆದ ಮೇಲೆ ಪೊಲೀಸರು ಬರುವುದಕ್ಕಿಂತ ಮುಂಚೆ ಎಚ್ಚರಿಸುವ ಕೆಲಸ ಬಹುಮಟ್ಟಿಗೆ ಸೊಸೈಟಿಯ ಸದಸ್ಯರ ಪಾಲಿಗೇ ಬರುತ್ತದೆ.

ಇಲ್ಲಿ ಸದಸ್ಯರೂ ತಮ್ಮ ನಡೆಯನ್ನು ನೋಡಿಕೊಳ್ಳಬೇಕಾಗಿದೆ. ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದಕ್ಕೆ ಒಪ್ಪಿಗೆ ಕೊಡುವ ಪದ್ಧತಿ ಬಣ್ಣ ಬಳಿಸುವುದಕ್ಕೆ ಸರಿ, ತಪಾಸಣೆಗೆ ಸಲ್ಲದು. ಅಷ್ಟು ಕಡಿಮೆ ಶುಲ್ಕದಲ್ಲಿ ಎಷ್ಟು ಪರೀಕ್ಷೆಗಳಾಗುತ್ತವೆ ಎಂದು ಕೇಳಬೇಕು. ಬಿಲ್ಡರ್ ‘ಆಡಿಟ್ ಖರ್ಚು ನಮ್ಮದೇ’ ಎಂದಾಗ ಅದನ್ನು ಉಪಕಾರವೆಂದು ತಿಳಿಯದೆ ಖರ್ಚನ್ನು ಸೊಸೈಟಿಯೇ ಭರಿಸಬೇಕು. ವರದಿ ಅಧ್ಯಕ್ಷರ ಕಪಾಟಿನಲ್ಲಿ ಉಳಿಯದೆ ಮಹಾಸಭೆಯಲ್ಲಿ ಓದಲ್ಪಡಬೇಕು. ಇಷ್ಟವಿಲ್ಲದ ವರದಿ ಬಂತೆಂದು ಇಷ್ಟವಾಗುವುದು ಸಿಗುವವರೆಗೆ ಇಂಜಿನಿಯರರನ್ನು ಬದಲಿಸುತ್ತ ಹೋಗುವ ಸೊಸೈಟಿಗೆ ಅಪ್ರಾಮಾಣಿಕ ತಪಾಸಕರನ್ನು ದೂರುವ ನೈತಿಕ ಹಕ್ಕಿಲ್ಲ.

ಮನೆ ಕಳೆದುಕೊಳ್ಳುವ ಭಯಕ್ಕೂ ಉತ್ತರವಿದೆ. ಅಪಾಯಕಾರಿ ಕಟ್ಟಡವನ್ನು ಕೆಡವಿದರೆ ಬಾಡಿಗೆದಾರರ ಹಕ್ಕು ಅದರೊಂದಿಗೆ ನೆಲಸಮವಾಗುವುದಿಲ್ಲ. ಕೆಡವುವ ಮುನ್ನ ಪ್ರತಿಯೊಬ್ಬರ ಸ್ವಾಧೀನದಲ್ಲಿದ್ದ ವಿಸ್ತೀರ್ಣವನ್ನು ದಾಖಲಿಸಬೇಕೆಂಬ ಮಾರ್ಗಸೂಚಿಯನ್ನು ಬಾಂಬೆ ಹೈಕೋರ್ಟ್ 2014ರಲ್ಲಿಯೇ ನೀಡಿದೆ. ಆ ಅಳತೆಯ ದಾಖಲೆಯನ್ನು ಕೇಳಿ ಪಡೆಯುವುದರಲ್ಲಿ ಜಾಣತನವಿದೆ. ಸುಳ್ಳು ಸಿ-2ಬಿಯ ಆಸರೆಯಲ್ಲಿ ಮಲಗುವುದರಲ್ಲಿ ಇಲ್ಲ.

ಹೋಟೆಲು ಉದ್ಯಮದಲ್ಲಿರುವ ತುಳು-ಕನ್ನಡಿಗ ಬಾಂಧವರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಹಳೆಯ ಕಟ್ಟಡಗಳ ನೆಲಮಾಳಿಗೆಯಲ್ಲೇ ಬಹುತೇಕ ಹೋಟೆಲುಗಳಿವೆ. ಅಡುಗೆಮನೆಯ ನೀರು, ಉಗಿ, ಹೊಗೆ ಕಂಬದ ಬುಡಕ್ಕೆ ತಾಗುತ್ತವೆ. ನವೀಕರಣದ ಹೊತ್ತಿಗೆ ಜಾಗ ಅಗಲ ಮಾಡುವ ಆಸೆಯೂ ಹುಟ್ಟುತ್ತದೆ. 2017ರ ಜುಲೈ 25ರಂದು ಘಾಟ್‌ಕೋಪರಿನ ಸಾಯಿಸಿದ್ಧಿ ಕಟ್ಟಡ ಕುಸಿದು 17 ಮಂದಿ ಬಲಿಯಾದಾಗ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ನವೀಕರಣದ ಮೇಲೆಯೇ ಆರೋಪ ಬಂತು. ತಪಾಸಕರು ಬಂದಾಗ ಅಡುಗೆಮನೆಯ ಟೈಲ್ಸ್ ಹಿಂದಿನ ಕಂಬವನ್ನು ತೋರಿಸಲು ಹಿಂಜರಿಯುವ ಮಾಲೀಕರು ಮೇಲಿನ ಮನೆಗಳವರೊಂದಿಗೆ ತಮ್ಮ ಕೆಲಸಗಾರರನ್ನೂ ಅಪಾಯಕ್ಕೆ ಒಡ್ಡುತ್ತಾರೆ.

ಕನ್ನಡ ಸಂಘಗಳೂ ಇದರಲ್ಲಿ ಕೈಜೋಡಿಸಬಹುದು. ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನದ ನಿಮಿತ್ತ ಇಂಜಿನಿಯರರ ದಿನ ಬರುತ್ತದೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ವೃತ್ತಿ ಆರಂಭಿಸಿದವರು ಅವರು. ಆ ದಿನ ಭಾವಚಿತ್ರಕ್ಕೆ ಹಾರ ಹಾಕುವುದರ ಜೊತೆಗೆ, ಸಂಘದಲ್ಲಿರುವ ಸಿವಿಲ್ ಇಂಜಿನಿಯರರನ್ನು ಕರೆದು ಸದಸ್ಯರು ತಮ್ಮ ತಮ್ಮ ಕಟ್ಟಡದ ವರದಿಯನ್ನು ತಂದು ಓದಿಸಿಕೊಳ್ಳುವ ಕಾರ್ಯಕ್ರಮ ಇಟ್ಟುಕೊಂಡರೆ ಹೇಗೆ? ಸಂಘದ ಸ್ವಂತ ಸಭಾಗೃಹವಿದ್ದರೆ ಆರಂಭ ಅಲ್ಲಿಂದಲೇ ಆಗಲಿ.

ಆ ವರದಿಗಳಲ್ಲಿ ಕೆಲವು ಕಹಿಯಾಗಿಯೇ ಇರುತ್ತವೆ. ಅಂಥದ್ದನ್ನು ಬರೆದ ಇಂಜಿನಿಯರರನ್ನು ಬದಲಿಸದೆ ಮುಂದಿನ ತಪಾಸಣೆಗೂ ಅವರನ್ನೇ ಕರೆಯುವ ಸೊಸೈಟಿಗಳು ಹೆಚ್ಚಾದ ದಿನ ಈ ವೃತ್ತಿಯ ಮರ್ಯಾದೆ ತಾನಾಗಿಯೇ ಉಳಿಯುತ್ತದೆ.