ಹೊಲದ ಗುರುತಿಗೆ ಸಂಖ್ಯೆ ಒಂದೋ, ಹಲವೋ?

‘ಭೂಮಿ’ ತಂತ್ರಾಂಶದಲ್ಲಿ ತನ್ನ ಪಹಣಿಯನ್ನು ನೋಡಬಯಸುವ ರೈತನಿಗೆ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದಾಗಿ ಆರಿಸಿ, ಸರ್ವೆ ನಂಬರನ್ನು ನಮೂದಿಸಿ, ಸರ್ನಾಕ್ ಎಂಬೆಡೆಯಲ್ಲಿ ಬಹುಮಟ್ಟಿಗೆ ಬರಿಯ ನಕ್ಷತ್ರಚಿಹ್ನೆಯೊಂದನ್ನೇ ಕಂಡು, ಕಡೆಗೆ ಹಿಸ್ಸಾ ಸಂಖ್ಯೆಯನ್ನೂ ಸೂಚಿಸಿದ ಹೊರತು ಹೊಲದ ದರ್ಶನವಾಗದು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಭೂಖಂಡವನ್ನು ಗುರುತಿಸಲಾರದು. ಎಲ್ಲವೂ ಕೂಡಿದಾಗ ಮಾತ್ರ ಸಂದೇಹಕ್ಕೆಡೆಯಿಲ್ಲ. ಡೇಟಾಬೇಸಿನವರು ಕಾಂಪೋಸಿಟ್ ಕೀ, ಅಂದರೆ ಸಂಯುಕ್ತ ಕೀಲಿ, ಎನ್ನುವುದು ಇದನ್ನೇ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಕೋಷ್ಟಕಗಳ ಶಾಸ್ತ್ರವನ್ನು ಪ್ರತಿಪಾದಿಸುವುದಕ್ಕೆ ಬಹುಕಾಲ ಮುನ್ನವೇ ನಮ್ಮ ಸರ್ವೆ ಇಲಾಖೆ ಇದನ್ನು ರೂಢಿಗೆ ತಂದಿತ್ತು.

ಇದರ ಗುಣವೆಂದರೆ ಅರ್ಥವತ್ತತೆ. ಊರಿನ ಹೆಸರೂ ಸರ್ವೆ ನಂಬರೂ ಕಿವಿಗೆ ಬಿದ್ದೊಡನೆ ಗ್ರಾಮಲೆಕ್ಕಿಗನ ಕಣ್ಣಮುಂದೆ ಬದುವೂ ಬಾವಿಯೂ ನಿಲ್ಲುತ್ತವೆ. ಆದರೆ ಅರ್ಥವುಳ್ಳದ್ದು ಕಾಲಾಂತರದಲ್ಲಿ ಬದಲಾಗುವುದೂ ಅನಿವಾರ್ಯ. ಮೈಸೂರಿನ ಹೂಟಗಳ್ಳಿಯನ್ನೇ ನೋಡಿ: ಹೊಲಗದ್ದೆಗಳಿದ್ದೆಡೆ ಕೈಗಾರಿಕಾ ಪ್ರದೇಶವೂ ಗೃಹಮಂಡಳಿಯ ಬಡಾವಣೆಯೂ ಎದ್ದು, ನಿನ್ನೆಮೊನ್ನೆಯವರೆಗೆ ಗ್ರಾಮ ಪಂಚಾಯಿತಿಯಾಗಿದ್ದುದು ಹಿನಕಲ್, ಕೂರ್ಗಳ್ಳಿ ಮೊದಲಾದ ನೆರೆಯ ಪಂಚಾಯಿತಿಗಳನ್ನು ಕೂಡಿಕೊಂಡು ನಗರಸಭೆಯಾಗಿ ಪರಿಣಮಿಸಿತು. ಹೂಟಗಳ್ಳಿಯ ಖಾತಾ ಪುಸ್ತಕದಲ್ಲೊಂದು 112, ಹಿನಕಲ್ಲಿನದರಲ್ಲಿ ಇನ್ನೊಂದು 112 ಇದ್ದರೆ, ಪಂಚಾಯಿತಿಯ ಹೆಸರು ಕಳಚಿದ ದಿನವೇ ಎರಡೂ ಮನೆಗಳು ಒಂದೇ ಗುರುತಿಗೆ ಜಗಳವಾಡತೊಡಗುತ್ತವೆ. ಹೊಲ ಪಾಲಾಗಿ ಪೋಡಿಯಾದರೆ ಹಿಸ್ಸಾ ಸಂಖ್ಯೆ ಬದಲಾಗುತ್ತದೆ; ಆಗ ಮುಟೇಷನ್, ಋಣಭಾರ, ತೆರಿಗೆ ಎಂಬಿತ್ಯಾದಿ ಕೋಷ್ಟಕಗಳಲ್ಲಿ ಆ ಕೀಲಿಯನ್ನು ಹೊತ್ತ ಪ್ರತಿಯೊಂದು ಸಾಲನ್ನೂ ತಿದ್ದಬೇಕು, ಒಂದು ತಪ್ಪಿದರೂ ಸಾಲದ ಹೊರೆ ಯಾರದೋ ಹೊಲದ ಮೇಲೆ ಕುಳಿತೀತು.

ಆದುದರಿಂದಲೇ ಈಗ ಎಲ್ಲೆಡೆಯೂ ಏಕಸಂಖ್ಯೆಯ ಉತ್ಸಾಹ. ಕೇಂದ್ರ ಸರ್ಕಾರ ಪ್ರತಿಯೊಂದು ಭೂಖಂಡಕ್ಕೂ 14 ಅಂಕಿ-ಅಕ್ಷರಗಳ ‘ಭೂ-ಆಧಾರ್’ ಕೊಡಹೊರಟಿದೆ. (ಅದೂ ಅಕ್ಷಾಂಶ ರೇಖಾಂಶಗಳಿಂದ ಹುಟ್ಟಿದ್ದಾದ್ದರಿಂದ, ಎಲ್ಲೆ ಬದಲಾದರೆ ಹೊಸ ಸಂಖ್ಯೆಯೇ ಗತಿ.) ಒಂದೇ ಸಂಖ್ಯೆಯಾದರೆ ಬೇರೆ ಕೋಷ್ಟಕಗಳು ಹಗುರವಾಗಿ ಕೊಂಡಿ ಹಾಕಿಕೊಳ್ಳುತ್ತವೆ, ನಿಜ, ಆದರೆ ಕ್ರಮವಾಗಿ ತಾನೇ ಏರುತ್ತ ಹೋಗುವ ಬರಿಯ ಸಂಖ್ಯೆಯನ್ನಷ್ಟೇ ಕೀಲಿಯಾಗಿಟ್ಟರೆ, ಒಂದೇ ನಿವೇಶನವನ್ನು ಗುಮಾಸ್ತನು ಎರಡು ಸಲ ನಮೂದಿಸಿದಾಗ ಯಂತ್ರವು ಚಕಾರವೆತ್ತದೆ ಎರಡು ಸಂಖ್ಯೆಗಳನ್ನು ದಯಪಾಲಿಸುತ್ತದೆ. ಹಾಗಾದಲ್ಲಿ ಒಂದೇ ನಿವೇಶನ ಇಬ್ಬರಿಗೆ ಮಾರಾಟವಾಗಲು ಹಾದಿ ತೆರೆದಂತೆಯೇ. ಈ ಅಪಾಯವನ್ನು ಏಕಸಂಖ್ಯೆಯ ಪಕ್ಷಪಾತಿಗಳು ಸಾಕಷ್ಟು ಯೋಚಿಸಿದಂತೆ ನನಗೆ ತೋರುವುದಿಲ್ಲ.

ಜಂಟಿ ಖಾತೆಯ ಮಾತು ಬೇರೆ. ಒಂದು ಹೊಲಕ್ಕೆ ನಾಲ್ವರು ಅಣ್ಣತಮ್ಮಂದಿರು ಒಡೆಯರು, ಅವರಲ್ಲೊಬ್ಬನಿಗೆ ಬೇರೆ ಹೊಲವೂ ಉಂಟು. ಈ ಸಂಬಂಧವನ್ನು ಬರೆದಿಡುವ ಕೋಷ್ಟಕದಲ್ಲಿ ಹೊಲದ ಸಂಖ್ಯೆ, ಒಡೆಯನ ಸಂಖ್ಯೆ ಇವೆರಡರ ಜೋಡಿಯೇ ಸಹಜವಾದ ಕೀಲಿ. ಅಲ್ಲಿ ಮೂರನೆಯದೊಂದನ್ನು ಕೀಲಿಯೆಂದು ಹೇರುವುದು ಕೇವಲ ಅಭ್ಯಾಸಬಲ.

ಉಳಿದೆಡೆ ನನ್ನ ಮತ ಇದು: ಎಂದಿಗೂ ಬದಲಾಗದ, ಯಾವ ಅರ್ಥವನ್ನೂ ಹೊರದ ಏಕಸಂಖ್ಯೆ ಕೋಷ್ಟಕದ ಒಳಗಿನ ಕೀಲಿಯಾಗಿರಲಿ, ಗ್ರಾಮ, ಸರ್ವೆ ನಂಬರು, ಸರ್ನಾಕ್, ಹಿಸ್ಸಾಗಳ ಸಂಯೋಗವು ಎರಡನೆಯ ಸಲ ಬಂದೊಡನೆ ಯಂತ್ರವು ಅದನ್ನು ನಿರಾಕರಿಸುವ ನಿರ್ಬಂಧವೂ ಅದೇ ಕೋಷ್ಟಕದಲ್ಲಿರಲಿ. ಹೊಸ ಇ-ಖಾತೆ ಕೊಡುವ ಅಧಿಕಾರಿಗಳು ಹೊಸ ಸಂಖ್ಯೆಯ ಪಕ್ಕದಲ್ಲಿಯೇ ಹಳೆಯ ಸರ್ವೆ ನಂಬರನ್ನೂ ಪಂಚಾಯಿತಿಯ ಖಾತಾ ಸಂಖ್ಯೆಯನ್ನೂ ಅಚ್ಚುಮಾಡಿಸಲಿ. ಖಾತೆ ಪಡೆಯುವವರೂ ಅವು ಮೂರೂ ಇವೆಯೇ ಎಂದು ನೋಡಿಕೊಂಡೇ ಸಹಿ ಹಾಕಲಿ.