‘ಯಾವ ಮಂದಿ?’ ಎಂದು ಕೇಳದ ಊರು

ಪರದೇಶ ತಿರುಗಿ ಬಂದವರೊಬ್ಬರ ಭಾಷಣ ಕೇಳಲು ಈಚೆಗೆ ಹೋಗಿದ್ದೆ. ಓದಿದವರು, ಉಳ್ಳವರು, ಮಾತು ಬಲ್ಲವರು. ಗೋಡೆಯ ಮೇಲೆ ಒಂದೊಂದೇ ಫೋಟೊ ತೋರಿಸುತ್ತಾ ಹೇಳಿದರು: “ಗೊತ್ತಿಲ್ಲದ ಶಹರಕ್ಕೆ ಹೋದಾಗ ಗಾಡಿ ಹತ್ತಬಾರದು. ಯಾರನ್ನೂ ದಾರಿ ಕೇಳಬಾರದು. ಕಾಲು ಎಳೆದತ್ತ ನಡೆಯಬೇಕು, ದಾರಿ ತಪ್ಪಬೇಕು. ಆ ಸುಖ ಮತ್ತೊಂದರಲ್ಲಿಲ್ಲ.” ಮಂದಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹಿಂದೆ ಕೂತಿದ್ದ ನಮ್ಮ ಕೇರಿಯ ಹಿರಿಯರೊಬ್ಬರು ಎದ್ದು ನಿಂತರು. “ಅಲ್ರೀ ಸರ, ಅಷ್ಟೊಂದು ಓಣಿ ಅಡ್ಡಾಡಿದಿರಿ. ಅಲ್ಲಿ ಒಬ್ಬರಾದರೂ ನೀವು ಯಾವ ಮಂದಿ ಅಂತ ಕೇಳಿದರೇನ್ರೀ?”

ಭಾಷಣಕಾರರು ನಕ್ಕರು. “ಅಲ್ಲಿ ಯಾರು ಕೇಳ್ತಾರ ಯಜಮಾನ್ರೇ? ನನಗ ಇಲ್ಲೂ ಯಾರೂ ಕೇಳಿಲ್ಲ.”

“ನಿಮಗ ಕೇಳಂಗಿಲ್ಲ ಬಿಡ್ರಿ” ಅಂದು ಹಿರಿಯರು ಕೂತರು.

ಸಭೆ ಮುಗಿಯಿತು. ಆ ಮಾತು ಮಾತ್ರ ನನ್ನೊಳಗೆ ಇನ್ನೂ ಮುಗಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾರಿ ತಪ್ಪುವುದು ಸುಖ ಆಗಬೇಕಾದರೆ ಮೊದಲು ಎಲ್ಲ ದಾರಿಯೂ ನಿನ್ನದಾಗಿರಬೇಕು. ನಮ್ಮ ಅಜ್ಜನ ಪಾಲಿಗೆ ದಾರಿ ತಪ್ಪುವುದು ಅಂದರೆ ಬಾರುಕೋಲಿನ ಏಟು. ನಮ್ಮ ಸುತ್ತಿನ ಒಂದು ಹಳ್ಳಿ, ಹೆಸರು ಬ್ಯಾಡ. ಅಲ್ಲಿಯ ಗೌಡರ ಓಣಿಯನ್ನು ಅಜ್ಜ ಕೆರ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ, ಗೋಡೆಯ ಅಂಚಿಗೆ ದಾಟುತ್ತಿದ್ದ. ಆ ಓಣಿಯ ಮಂದಿ ಕಾಲಿಗೆ ಮೆಟ್ಟಿದ ಕೆರ ಹೊಲಿದವನೂ ಅವನೇ. ಆ ಓಣಿಯ ಒಂದೊಂದು ಕಲ್ಲೂ ಅವನಿಗೆ ಗೊತ್ತಿತ್ತು. ಏನು ಮಾಡುವುದು, ಓಣಿಗೂ ಅವನು ಗೊತ್ತಿದ್ದ. ಗೊತ್ತಿದ್ದ ಊರು ಅಂದರೆ ನಮಗೆ ಇದೇ: ಊರಿಗೆ ನಾವು ಯಾರು ಅಂತ ಗೊತ್ತಿದೆ.

ಹಾಗಾದರೆ ಗೊತ್ತಿಲ್ಲದ ಊರು? ಅದನ್ನು ಕಾಲಿನಿಂದ ಅಳೆದವರು ನಮ್ಮ ಮಂದಿಯಷ್ಟು ಯಾರೂ ಇಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಕಡೆಯ ಕೇರಿಗಳಿಗೆ ಬೀಗ ಬೀಳುತ್ತದೆ. ಗಂಟುಮೂಟೆ, ರೊಟ್ಟಿಬುತ್ತಿ, ಕಂಕುಳಲ್ಲಿ ಕೂಸು. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಇದಕ್ಕೆ ಗುಳೆ ಅನ್ನುತ್ತಾರೆ. ಪ್ರವಾಸ ಅನ್ನುವುದಿಲ್ಲ. ಕಟ್ಟಡದ ಹತ್ತನೆಯ ಮಾಳಿಗೆಗೆ ಇಟ್ಟಿಗೆ ಹೊತ್ತ ನಮ್ಮ ಅಕ್ಕನಿಗೆ ಆ ಶಹರ ಮೇಲಿನಿಂದಲೂ ಗೊತ್ತು, ಕೆಳಗಿನಿಂದಲೂ ಗೊತ್ತು. ಕಟ್ಟಡ ಮುಗಿದ ದಿನ ಅದೇ ಬಾಗಿಲಲ್ಲಿ ವಾಚ್‌ಮನ್ ಅವಳನ್ನು ತಡೆಯುತ್ತಾನೆ. ಅವಳನ್ನು ಕರೆದು “ಶಹರ ಹೆಂಗಿತ್ತವ್ವ?” ಅಂತ ಯಾರೂ ಸಭೆ ಮಾಡಿಲ್ಲ.

ನನ್ನದೂ ಒಂದು ನಡಿಗೆ ಇದೆ. ಬಿ.ಎ. ಮುಗಿಸಿ ಕೆಲಸ ಹುಡುಕಲು ಅರಕೇರಾದಿಂದ ಬಸ್ಸಿಗೆ ರಾಯಚೂರು, ರಾಯಚೂರಿನಿಂದ ರಾತ್ರಿ ರೈಲು ಹಿಡಿದೆ. ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಮೆಜೆಸ್ಟಿಕ್‌ನಿಂದ ನಡೆದೆ. ಮೈಸೂರು ಬ್ಯಾಂಕ್ ಸರ್ಕಲ್, ಅವೆನ್ಯೂ ರಸ್ತೆ, ಮಾರ್ಕೆಟ್ಟು, ಲಾಲ್‌ಬಾಗು. ಯಾರೂ ನನ್ನ ಮುಖ ನೋಡಲಿಲ್ಲ. ಸುಳ್ಳು ಹೇಳುವುದಿಲ್ಲ ಗೆಳೆಯರೇ, ಮೈ ಹಗುರಾಯಿತು. ಒಂದು ಹೋಟೆಲಿನಲ್ಲಿ ಚಹಾ ಕುಡಿದು, ಗ್ಲಾಸು ತೊಳೆದಿಡಲು ನಲ್ಲಿಯ ಕಡೆ ಹೊರಟೆ. ಹುಡುಗ ಓಡಿ ಬಂದು ಕೈಯಿಂದ ಇಸಿದುಕೊಂಡ. “ಅಲ್ಲೇ ಇಡಿ ಅಣ್ಣ, ನಾವು ತೊಳೀತೀವಿ.” ಆ ಹುಡುಗನಿಗೆ ಅದೊಂದು ದಿನದ ಕೆಲಸ. ನಾನು ಹೊರಗೆ ಬಂದು ಸುಮ್ಮನೆ ಸ್ವಲ್ಪ ಹೊತ್ತು ನಿಂತೆ. ಊರಲ್ಲಿ ಕಲಿತ ಪಾಠ ಕೈ ಮರೆತಿರಲಿಲ್ಲ.

ಸಂಜೆ ಬಾಡಿಗೆಗೆ ಖೋಲಿ ಕೇಳಲು ಹೋದೆ. ಮೊದಲು “ಎಲ್ಲಿಯವರು?” ಅಂದರು. ಆಮೇಲೆ “ಪೂರ್ತಿ ಹೆಸರು?” ಆಮೇಲೆ “ಮಾಂಸ ತಿಂತೀರಾ?” ಮೂರೂ ಒಂದೇ ಪ್ರಶ್ನೆ. ಮೂರು ಮನೆ ತಿರುಗಿದ ಮೇಲೆ ನಾಲ್ಕನೆಯ ಮನೆಯಲ್ಲಿ ನಾನು ನನ್ನದಲ್ಲದ ಮಂದಿಯ ಹೆಸರು ಹೇಳಿದೆ. ಖೋಲಿ ಸಿಕ್ಕಿತು. ಅಲ್ಲಿದ್ದ ಮೂರು ತಿಂಗಳೂ ಬಾಬಾಸಾಹೇಬರ ಫೋಟೊ ಟ್ರಂಕಿನಲ್ಲಿ ಬಟ್ಟೆಯ ಕೆಳಗಿತ್ತು. ಹಗಲೆಲ್ಲಾ ಬೀದಿಯಲ್ಲಿ ತಲೆ ಎತ್ತಿ ನಡೆದು, ರಾತ್ರಿ ಆ ಟ್ರಂಕಿನ ಪಕ್ಕ ಮಲಗುತ್ತಿದ್ದೆ. ಆ ನಾಚಿಕೆ ಇನ್ನೂ ಇದೆ.

ಬಾಬಾಸಾಹೇಬರೂ ಇದೇ ದಾರಿಯಲ್ಲಿ ನಡೆದವರು ಅಂತ ಆಮೇಲೆ ಓದಿ ತಿಳಿದೆ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಅವರಿಗೆ 22 ವರ್ಷ. ಈಗಿನ ನನಗಿಂತ ಸಣ್ಣವರು. ಅಲ್ಲಿ ಹಳೆ ಪುಸ್ತಕದ ಅಂಗಡಿಗಳನ್ನು ಹುಡುಕಿ ಸುಮಾರು 2000 ಪುಸ್ತಕ ಕೊಂಡರು ಅಂತ ಅವರ ಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. 2000 ಪುಸ್ತಕ ಅಂದರೆ ಎಷ್ಟು ಅಂಗಡಿ, ಎಷ್ಟು ಬೀದಿ, ಎಷ್ಟು ಮೆಟ್ಟಿಲು ಲೆಕ್ಕ ಹಾಕಿರಿ. ಒಬ್ಬ ಅಂಗಡಿಯವನೂ ಪುಸ್ತಕವನ್ನು ದೂರದಿಂದ ಎಸೆದಿರಲಿಕ್ಕಿಲ್ಲ.

ಆಮೇಲೆ ಲಂಡನ್. 1921-22ರಲ್ಲಿ ಅವರಿದ್ದ ಮನೆ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರು. ಮಹಾರಾಷ್ಟ್ರ ಸರಕಾರ ಅದನ್ನು 2015ರಲ್ಲಿ ಕೊಂಡಿತು. ಅವರು ದಿನವಿಡೀ ಕೂತು ಓದಿದ ಬ್ರಿಟಿಷ್ ಮ್ಯೂಜಿಯಂ ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರು. ನಾನು ಲಂಡನ್ ಕಂಡಿಲ್ಲ. ನಕಾಶೆಯ ಮೇಲೆ ಬೆರಳಿಟ್ಟು ಆ ದಾರಿಯನ್ನು ಎಷ್ಟೋ ಸಲ ನಡೆದಿದ್ದೇನೆ. ನಡುವೆ ಒಂದು ಗುಡ್ಡ, ಒಂದು ದೊಡ್ಡ ಉದ್ಯಾನ. ಒಂದು ಓಣಿಯಲ್ಲೂ ಕೆರ ಕಳಚಬೇಕಿಲ್ಲ.

ಈ ಎರಡು ಪ್ರಯಾಣಗಳ ನಡುವೆ ಬರೋಡಾ ಬರುತ್ತದೆ. 1917ರಲ್ಲಿ ತಿರುಗಿ ಬಂದ ಬಾಬಾಸಾಹೇಬರು ಕರಾರಿನಂತೆ ಸಂಸ್ಥಾನದ ಕೆಲಸಕ್ಕೆ ಸೇರಲು ಆ ಊರಿಗೆ ಹೋದರು. ಎಂ.ಎ. ಮುಗಿಸಿದ ಮನುಷ್ಯನಿಗೆ ಇಳಿದುಕೊಳ್ಳಲು ಒಂದು ಮನೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಮಂದಿ ಮೆಟ್ಟಿಲು ಹತ್ತಿ ಬಂದು ನೀನ್ಯಾರು ಅಂತ ಕೇಳಿದರು. ಊರಲ್ಲಿದ್ದ ಇಬ್ಬರು ಸ್ನೇಹಿತರೂ ನೆಪ ಹೇಳಿದರು. ಮುಂಬೈ ರೈಲಿನ ಹೊತ್ತಾಗುವ ತನಕ ಒಂದು ಸಾರ್ವಜನಿಕ ಉದ್ಯಾನದಲ್ಲಿ ಕೂತು ಅತ್ತರು. ನ್ಯೂಯಾರ್ಕಿನಲ್ಲಿ ಸ್ವಂತ ಹೆಸರಿನಿಂದ ಇದ್ದವರು ಸ್ವಂತ ದೇಶದಲ್ಲಿ ಸುಳ್ಳು ಹೆಸರು ಬರೆಸಬೇಕಾಯಿತು. ನನ್ನ ಟ್ರಂಕಿನ ನಾಚಿಕೆ ನನ್ನೊಬ್ಬನದೇ ಅಲ್ಲ ಅಂತ ಅವತ್ತು ಗೊತ್ತಾಯಿತು.

ಇದನ್ನೆಲ್ಲ ಅವರು ಬರೆದಿಟ್ಟಿದ್ದಾರೆ. ಆ ಬರಹದ ಹೆಸರು ‘ವೀಸಾಕ್ಕಾಗಿ ಕಾಯುತ್ತಾ’. ವೀಸಾ ಅಂದರೆ ಪರದೇಶದೊಳಗೆ ಕಾಲಿಡಲು ಕೊಡುವ ಪರವಾನಗಿ. ಅಮೆರಿಕ ಅವರನ್ನು ಒಳಗೆ ಬಿಟ್ಟಿತು, ಇಂಗ್ಲೆಂಡು ಬಿಟ್ಟಿತು. ಅವರು ಕಾದು ನಿಂತದ್ದು ಹುಟ್ಟಿದ ದೇಶದ ಬಾಗಿಲಲ್ಲಿ.

ಅದೇ ಬರಹದಲ್ಲಿ ಇನ್ನೊಂದು ಪ್ರವಾಸವಿದೆ, ನಮ್ಮ ಸಂಸ್ಥಾನದ್ದು. 1934ರಲ್ಲಿ ಅವರು ಸುಮಾರು 30 ಜನ ಸಂಗಾತಿಗಳೊಂದಿಗೆ ವೇರೂಳದ ಗವಿಗಳನ್ನು ನೋಡಲು ಹೊರಟು ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಬಂದರು. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ನಮ್ಮ ರಾಯಚೂರೂ ಅದರಲ್ಲೇ ಇತ್ತು. ಮೈಯೆಲ್ಲ ಧೂಳು. ಕೋಟೆಯ ಬಾಗಿಲ ಹತ್ತಿರದ ಹೊಂಡದಲ್ಲಿ ಕೈಕಾಲು ಮುಖ ತೊಳೆದರು. ಒಬ್ಬ ಮುದುಕ ಹೊಂಡ ಮೈಲಿಗೆಯಾಯಿತು ಅಂತ ಕೂಗುತ್ತ ಓಡಿಬಂದ. ಮಂದಿ ನೆರೆದರು. ಕಡೆಗೆ ಕೋಟೆಯಲ್ಲಿ ಎಲ್ಲಿಯೂ ನೀರು ಮುಟ್ಟಕೂಡದು ಅಂತ ಷರತ್ತು ಹಾಕಿ, ಕಾವಲಿಗೆ ಬಂದೂಕಿನ ಸಿಪಾಯಿಯನ್ನು ಕೊಟ್ಟು ಒಳಗೆ ಬಿಟ್ಟರು. ಬರೋಡಾದಲ್ಲಿ ಪಾರ್ಸಿಗಳು, ಇಲ್ಲಿ ಮುಸಲ್ಮಾನರು. ಹಿಂದೂಗಳು ಹಚ್ಚಿದ ಮೈಲಿಗೆ ಎಲ್ಲ ಧರ್ಮದ ಮನೆಗೂ ಹಬ್ಬಿದೆ ಅನ್ನುವುದನ್ನೇ ಅವರು ಅಲ್ಲಿ ತೋರಿಸುತ್ತಾರೆ. ಭಾಷಣದಲ್ಲಿ ಕೇಳಿದ ‘ಕಾಲು ಎಳೆದತ್ತ ನಡೆಯುವ ಸುಖ’ ನೆನಪಿರಲಿ. ಇಲ್ಲಿ ಪ್ರವಾಸಿಯ ಬೆನ್ನಿಗೆ ಬಂದೂಕಿತ್ತು.

ಇಷ್ಟು ಹೇಳಿದ ಮೇಲೆ ಪರದೇಶವೇ ಸ್ವರ್ಗ ಅಂತ ಯಾರಾದರೂ ತಿಳಿದಾರು. ಹಾಗಲ್ಲ. ಕೊಲಂಬಿಯಾದ ಮಗ್ಗುಲಲ್ಲೇ ಹಾರ್ಲೆಮ್ ಇದೆ, ಕಪ್ಪು ಜನರ ಕೇರಿ. ಆ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಗ್ರೀನ್ ಎಂಬ ಅಂಚೆಯ ಕೆಲಸದ ಮನುಷ್ಯ 1936ರಿಂದ ಒಂದು ಪುಸ್ತಕ ಹೊರಡಿಸಿದ. ಗ್ರೀನ್ ಬುಕ್ ಅಂತ ಹೆಸರು. ಯಾವ ಊರಿನ ಯಾವ ಹೋಟೆಲು, ಯಾವ ಕ್ಷೌರದಂಗಡಿ, ಯಾವ ಮನೆ ಕಪ್ಪು ಪ್ರವಾಸಿಯನ್ನು ಒಳಗೆ ಕರೆಯುತ್ತದೆ ಅನ್ನುವ ಪಟ್ಟಿ. ಅವರಿಗೂ ದಾರಿ ತಪ್ಪುವ ಸುಖ ಇರಲಿಲ್ಲ. ಬಣ್ಣವನ್ನು ಟ್ರಂಕಿನಲ್ಲಿ ಮುಚ್ಚಿಡಲು ಆಗುತ್ತದೆಯೆ? ಬಣ್ಣದ ಕಾರಣಕ್ಕೆ ಹೋಟೆಲಿನ ಬಾಗಿಲು ಮುಚ್ಚಕೂಡದು ಅಂತ ಅಮೆರಿಕ ಇಡೀ ದೇಶಕ್ಕೆ ಕಾನೂನು ಮಾಡಿದ್ದು 1964ರಲ್ಲಿ. ಬಾಡಿಗೆ ಮನೆಯ ಬಗ್ಗೆ ಬ್ರಿಟನ್ ಕಾನೂನು ಮಾಡಿದ್ದು 1968ರಲ್ಲಿ. ಇನ್ನು ನಮ್ಮವರು ಹಡಗು, ವಿಮಾನ ಹತ್ತಿದಾಗ ಜಾತಿಯನ್ನೂ ಉಪ್ಪಿನಕಾಯಿ ಡಬ್ಬಿಯ ಜೊತೆಗೆ ಒಯ್ದರು. ಅದಕ್ಕೇ 2023ರಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿಭೇದ ಮಾಡಕೂಡದು ಅಂತ ನಿಯಮ ಮಾಡಬೇಕಾಯಿತು. ಏಳು ಸಮುದ್ರ ದಾಟಿದರೂ ‘ಯಾವ ಮಂದಿ?’ ಬೆನ್ನು ಬಿಟ್ಟಿಲ್ಲ.

ಕಾಗದದ ಮೇಲೆ ನಾವೇ ಮುಂದಿದ್ದೇವೆ. 1950ರಲ್ಲೇ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ತೆಗೆದು ಓದಿರಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಇವುಗಳಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಕೂಡದು. 19ನೇ ವಿಧಿಯಲ್ಲಿ ದೇಶದ ತುಂಬ ಅಡ್ಡಾಡುವ ಹಕ್ಕಿದೆ. ವಕೀಲರಿಗೆ ಇದು ಕಲಮು. ಆ ಪಟ್ಟಿ ಓದುವಾಗ ನನಗೆ ಬರೋಡಾದ ಛತ್ರ ಕಾಣುತ್ತದೆ, ದೌಲತಾಬಾದಿನ ಹೊಂಡ ಕಾಣುತ್ತದೆ. 1927ರ ಮಾರ್ಚ್ 20ರಂದು ಮಹಾಡಿನ ಬೀದಿಯಲ್ಲಿ ಸಾಲುಗಟ್ಟಿ ನಡೆದು ಚವದಾರ ಕೆರೆಯ ನೀರು ಕುಡಿದ ಸಾವಿರಾರು ಜನ ಕಾಣುತ್ತಾರೆ. ಅದೂ ಒಂದು ನಡಿಗೆಯೇ. ಕರಡು ಸಮಿತಿಯ ಕುರ್ಚಿಯಲ್ಲಿ ಕೂತ ಮನುಷ್ಯನ ಕಾಲಿಗೆ ಈ ದೇಶದ ರಸ್ತೆ ಚೆನ್ನಾಗಿ ಗೊತ್ತಿತ್ತು.

ಈಗ ನನ್ನ ಮಾತಿಗೆ ಬರುತ್ತೇನೆ. ಯಾರಿಗೂ ಗೊತ್ತಾಗದಿರುವುದರಿಂದ ಸಿಗುವ ಬಿಡುಗಡೆ ಕೈಗಡ ಇದ್ದಂತೆ. “ಪೂರ್ತಿ ಹೆಸರು?” ಅಂದ ದಿನ ಬಡ್ಡಿ ಸಮೇತ ವಸೂಲಾಗುತ್ತದೆ. ನಮ್ಮ ಎಷ್ಟೋ ಹುಡುಗರು ಬೆಂಗಳೂರಿಗೆ ಹೋಗಿ ಹೆಸರು ಬದಲಿಸಿಕೊಂಡು ಬಿಡುಗಡೆ ಆಯಿತು ಅಂತ ತಿಳಿದಿದ್ದಾರೆ. ಅವರನ್ನು ಬೈಯುವ ಬಾಯಿ ನನಗಿಲ್ಲ, ನಾನೂ ಅದನ್ನೇ ಮಾಡಿದವನು. ಆದರೆ ಅದು ಬಿಡುಗಡೆಯಲ್ಲ, ಅಡಗಿಕೊಳ್ಳುವುದು. ನಾವು ಯಾರು ಅಂತ ಗೊತ್ತಿದ್ದೂ ದಾರಿ ಬಿಡುವ ಊರು ಬೇಕು. ಅದು ಲಂಡನ್ನಿನಲ್ಲಿ ಇದ್ದರೆ ನಮಗೇನು ಬಂತು? ಅರಕೇರಾದಲ್ಲಿ ಆಗಬೇಕು, ನಮ್ಮಜ್ಜ ಕೆರ ಕೈಯಲ್ಲಿ ಹಿಡಿದ ಆ ಓಣಿಯಲ್ಲಿ ಆಗಬೇಕು.

ಅದಕ್ಕೆ ಎರಡು ಮಾತು. ವಿದ್ಯಾರ್ಥಿವೇತನದ ಮೇಲೆ ಪರದೇಶಕ್ಕೆ ಹೋಗಿಬಂದ ನಮ್ಮ ಹುಡುಗ ಹುಡುಗಿಯರು ಕೇರಿಗೆ ಬಂದು ಮಾತಾಡಬೇಕು. ಅವರ ಪಕ್ಕದಲ್ಲೇ ಗುಳೆಯಿಂದ ಬಂದ ಅಕ್ಕ, ಚಿಕ್ಕಪ್ಪಂದಿರೂ ಕೂತು ಮಾತಾಡಬೇಕು. ಯಾವ ಬಾಗಿಲು ತೆರೆಯಿತು, ಯಾವ ಬಾಗಿಲು ಮುಚ್ಚಿತು ಅಂತ ಊರು, ಓಣಿ, ದಿನ ಸಮೇತ ಬರೆದಿಡೋಣ. ಹಾರ್ಲೆಮ್‌ನ ಒಬ್ಬ ಅಂಚೆಯ ಮನುಷ್ಯ ಮಾಡಿದ್ದನ್ನು ಇಷ್ಟು ಮಂದಿ ಸೇರಿ ನಾವು ಮಾಡಲಾರೆವೆ? ಈ ಪುಸ್ತಕ ಬೇಡವಾಗುವ ದಿನ ಬರಲಿ ಅಂತಲೇ ಅವನೂ ಹಾರೈಸಿದ್ದ.

ಎರಡನೆಯದು, ನಮ್ಮ ನಮ್ಮ ಊರನ್ನು ಗೊತ್ತಿಲ್ಲದ ಶಹರಕ್ಕೆ ಬಂದವರಂತೆ ನಡೆಯೋಣ. ಒಬ್ಬೊಬ್ಬರೇ ಬ್ಯಾಡ, ಹತ್ತು ಮಂದಿ ಕೂಡಿ, ಹೆಣ್ಣುಮಕ್ಕಳೂ ಕೂಡಿ, ಹಾಡು ಹಗಲು, ಕಾಲಲ್ಲಿ ಕೆರ ಹಾಕಿಕೊಂಡು. ಒಂದು ಓಣಿಯನ್ನೂ ಬಿಡಬಾರದು. ಹೋಟೆಲು ಬಂದರೆ ಒಳಗೆ ಕೂತು ಎಲ್ಲರ ಗ್ಲಾಸಿನಲ್ಲೇ ಚಹಾ ಕುಡಿಯೋಣ, ಗ್ಲಾಸು ಅಲ್ಲೇ ಇಟ್ಟು ಏಳೋಣ. ತಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಬೆನ್ನಿಗೆ ನಾವಿದ್ದೇವೆ.

ಮೊನ್ನೆ ಆ ಹಿರಿಯರು ಸಿಕ್ಕಿದ್ದರು. ಈ ನಡಿಗೆಯ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ತಮ್ಮಾ, ಲಂಡನ್ ನನಗ ಬ್ಯಾಡ. ಆ ಓಣಿ ನಾ ಇನ್ನೂ ನಟ್ಟನಡುವ ನಡದು ನೋಡಿಲ್ಲ. ಯಾವತ್ತು ಹೊರಡ್ತೀರಿ ಹೇಳು, ನಾನೂ ಬರ್ತೀನಿ.”

ಬನ್ನಿ ಗೆಳೆಯರೇ, ದಿನ ಗೊತ್ತು ಮಾಡೋಣ.

ಜೈ ಭೀಮ್.